ಅವ್ವನ ಮೋಟರು, ನಮ್ಮ ಸರ್ವರು

ವಡೋದರಾದ ಆಲ್ಕಾಪುರಿಯ ಸಿಗ್ನಲ್ಲಿನಲ್ಲಿ ನಮ್ಮ ಕಂಪನಿಯ ದೊಡ್ಡದೊಂದು ಜಾಹೀರಾತು ಫಲಕವಿದೆ. ನೀಲಿ ಆಕಾಶ, ಹಸಿರೆಲೆ, ಒಂದು ಬಲ್ಬು, ಬಲ್ಬಿನ ಕೆಳಗೆ ಹಲ್ಲು ಕಿರಿಯುವ ಒಂದು ಕುಟುಂಬ. 'ನಿಮ್ಮ ಮನೆಯ ದೀಪಕ್ಕೆ ನಮ್ಮ ಹೆಗಲು' ಎಂದು ಗುಜರಾತಿಯಲ್ಲಿ ಬರೆಸಿದ್ದಾರೆ. ನನ್ನ ಹಣೆಬರಹಕ್ಕೆ ಅಲ್ಲಿ ಪ್ರತಿಸಲ ಕೆಂಪು ದೀಪವೇ ಸಿಗುತ್ತದೆ. ಸ್ಕೂಟರಿನ ಮೇಲೆ ಒಂದು ಕಾಲು ಊರಿ ನಿಂತು, ಹೆಲ್ಮೆಟ್ಟಿನೊಳಗೆ ಬೈಯುತ್ತೇನೆ. ಕನ್ನಡದಲ್ಲೇ ಬೈಯುತ್ತೇನೆ, ನನಗೆ ಸರಾಗವಾಗಿ ಬರುವ ಕನ್ನಡ ಅದೇ. ಅಪ್ಪನ ರೈಲ್ವೆ ನೌಕರಿಯ ಬೆನ್ನಿಗೆ ಧಾರವಾಡ ಬಿಟ್ಟು ಬಂದ ಮನೆ ನಮ್ಮದು. ನಾನು ಹಲ್ಲು ಮೂಡುವ ಮೊದಲೇ ವಡೋದರಾದವನಾದೆ. ಶಾಲೆಯಲ್ಲಿ ಇಂಗ್ಲಿಷು, ಗಲ್ಲಿಯಲ್ಲಿ ಗುಜರಾತಿ. ಕನ್ನಡ ಬಂದದ್ದು ಅವ್ವನಿಂದ, ಅವ್ವ ನನ್ನ ಜೊತೆ ಬಾಯಿತುಂಬ ಮಾತಾಡುತ್ತಿದ್ದದ್ದು ಬೈಯುವಾಗ.

ನಾನು ದುಡಿಯುವ ಜಾಗ ಮಕರಪುರದ ಕಾರ್ಖಾನೆಗಳ ನಡುವೆ ಕಿಟಕಿಯೇ ಇಲ್ಲದ ಒಂದು ಕಟ್ಟಡ. ಡೇಟಾ ಸೆಂಟರ್. ನೀವು ಮೊಬೈಲಿನಿಂದ ಕಳಿಸುವ ಮದುವೆಯ ವೀಡಿಯೊ, ಬ್ಯಾಂಕಿನ ಜಮಾಖರ್ಚು, ನಿಮ್ಮ ಮಾವನವರ ಗುಡ್ ಮಾರ್ನಿಂಗ್ ಗುಲಾಬಿ, ಎಲ್ಲವೂ ಇಂಥ ಕಡೆ ಕಪಾಟುಗಟ್ಟಲೆ ಸರ್ವರ್‌ಗಳಲ್ಲಿ ಕೂತಿರುತ್ತವೆ. ಸರ್ವರ್‌ಗಳು ಕೆಲಸ ಮಾಡಿದಷ್ಟೂ ಕಾಯುತ್ತವೆ. ಅವನ್ನು ತಣ್ಣಗಿಡಲು ಚಿಲ್ಲರ್ ಯಂತ್ರಗಳು ಹಗಲೂ ರಾತ್ರಿ ಗುಂಯ್‌ಗುಡುತ್ತವೆ. ಎರಡೂ ಸೇರಿ ಕರೆಂಟು ಕುಡಿಯುವ ರೀತಿ ಬೀಗರ ಊಟದ ಪಂಕ್ತಿಯ ಹಾಗೆ, ಸಾಕು ಎನ್ನುವವರೇ ಇಲ್ಲ. ನನ್ನ ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ. ಅವ್ವ ಅದನ್ನು 'ಎಸಿ ನೋಡ್ಕೊಳ್ಳಾಂವ' ಎಂದು ಒಂದೇ ಉಸಿರಿನಲ್ಲಿ ಮುಗಿಸಿದ್ದಾಳೆ. ತಪ್ಪೇನಿಲ್ಲ.

ಈಗ ಆ 'ಹೆಗಲಿ'ನ ವಿಷಯ. ನಮ್ಮ ಕಡೆ ಮಧ್ಯಾಹ್ನ ಬಿಸಿಲಿಗೆ ಬರವಿಲ್ಲ, ಬಿಸಿಲಿನ ಕರೆಂಟಿಗೂ ಬರವಿಲ್ಲ. ತಾಪತ್ರಯ ಶುರುವಾಗುವುದು ಸಂಜೆ. ಸೂರ್ಯ ಡ್ಯೂಟಿ ಮುಗಿಸಿ ಹೊರಡುತ್ತಾನೆ, ಅದೇ ಹೊತ್ತಿಗೆ ಊರಿಗೆ ಊರೇ ಮನೆಗೆ ಬಂದು ಎಸಿ ಹಾಕುತ್ತದೆ. ಆಗ ವಿದ್ಯುತ್ ಜಾಲದವರು ನಮ್ಮಂಥ ದೊಡ್ಡ ಹೊಟ್ಟೆಯವರಿಗೆ ಫೋನ್ ಮಾಡಿ, ಸ್ವಲ್ಪ ಹೊತ್ತು ಕಡಿಮೆ ತಿನ್ನಿ ಎನ್ನುತ್ತಾರೆ. ನಮಗೆ ಅದು ಕಷ್ಟವೇ ಅಲ್ಲ. ಬ್ಯಾಂಕು, ಆಸ್ಪತ್ರೆ ಅಂಥವನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. ಆದರೆ ಹಳೆಯ ಕಡತಗಳ ಪ್ರತಿ ತೆಗೆಯುವುದು, ವೀಡಿಯೊ ಸಣ್ಣದು ಮಾಡುವುದು, ಕಂಪ್ಯೂಟರಿಗೆ ಮನುಷ್ಯರಂತೆ ಮಾತಾಡಲು ತರಬೇತಿ ಕೊಡುವುದು, ಇವೆಲ್ಲ ಎರಡು ತಾಸು ತಡವಾದರೆ ಯಾರ ಗಂಟೂ ಹೋಗುವುದಿಲ್ಲ. ನಾಳೆ ಮಧ್ಯಾಹ್ನದ ಬಿಸಿಲಿಗೆ ದೂಡಬಹುದು. ಮಧ್ಯಾಹ್ನವೇ ಒಂದು ದೊಡ್ಡ ಟಾಕಿಯ ನೀರನ್ನು ತಣ್ಣಗೆ ಮಾಡಿಟ್ಟುಕೊಂಡರೆ ಸಂಜೆ ಅದೇ ನೀರನ್ನು ಹರಿಸಿ ಚಿಲ್ಲರ್‌ಗಳಿಗೂ ಉಸಿರು ಬಿಡಿಸಬಹುದು. ಕಂಪನಿ ಒಪ್ಪಿಕೊಂಡ ಮಾತು ಇಷ್ಟೇ: ಫೋನ್ ಬಂದ ಕಾಲು ಗಂಟೆಯೊಳಗೆ ಲೋಡ್ ಇಳಿಸುತ್ತೇವೆ. ಅದಕ್ಕೆ ಪ್ರತಿಯಾಗಿ ಕರೆಂಟಿನ ದರದಲ್ಲಿ ರಿಯಾಯಿತಿ. ಇಳಿಸದಿದ್ದರೆ? ಆಗ ಅವರಿಗೆ ಬೇರೆ ದಾರಿಯಿಲ್ಲ, ನಮ್ಮದೇ ಸಬ್‌ಸ್ಟೇಷನ್ನಿನಿಂದ ಕರೆಂಟು ಪಡೆಯುವ ಹಿಂದಿನ ಕಾಲನಿಗಳ ಲೈನು ತೆಗೆಯಬೇಕು.

ಆ ಹಿಂದಿನ ಕಾಲನಿಗಳಲ್ಲಿ ಒಂದರ ನಾಲ್ಕನೇ ಮಹಡಿಯಲ್ಲಿ ನಮ್ಮ ಮನೆ.

ಜಾಲದ ಕಚೇರಿಯಿಂದ ಫೋನ್ ಮಾಡುತ್ತಿದ್ದವರು ಸೂರತ್ ಕಡೆಯ ಒಬ್ಬ ಹಿರಿಯ ಅಧಿಕಾರಿ. ಒಳ್ಳೇದು ಎನ್ನಲು ಗುಜರಾತಿಯಲ್ಲಿ 'ಸಾರು' ಎನ್ನಬೇಕಾದಲ್ಲಿ 'ಹಾರು' ಎನ್ನುವ ಮಾತು, ಮಾತಿಗೆ ಮೊದಲು ಎರಡು ಕೆಮ್ಮು, ಕೆಮ್ಮಿನ ನಂತರ ಲೋಡ್ ಇಳಿಸಪ್ಪಾ ಎನ್ನುವ "ಅರೇ ಮಾರಾ ಭಾಯ್, ಲೋಡ್ ಉತಾರೋ!" ನನ್ನಂಥವನ ಕೈಗೆ ಇಂಥ ದನಿ ಸಿಕ್ಕರೆ ಬಿಡುತ್ತೇನೆಯೇ? ನಾನು ಎಲ್ಲರ ದನಿ ಮಾಡುತ್ತೇನೆ. ಪ್ರತಿ ವಾಕ್ಯಕ್ಕೂ 'ಬೇಸಿಕಲಿ' ಹಚ್ಚುವ ನಮ್ಮ ಮ್ಯಾನೇಜರ್, ಮೂಗಿನಲ್ಲಿ ಆರತಿ ಹಾಡುವ ಸೊಸೈಟಿಯ ಕಾರ್ಯದರ್ಶಿ, ಈಗ ವರ್ಗವಾಗಿರುವ ಸೂರತ್‌ನಿಂದ ಶನಿವಾರಕ್ಕೊಮ್ಮೆ ಬಂದು ಫ್ಯಾನಿನ ಧೂಳು ಎಣಿಸುವ ಅಪ್ಪ. ನನ್ನದೂ ಮಾಡುತ್ತೇನೆ: ಹುಡುಗಿಯರ ಮುಂದೆ ದನಿ ದಪ್ಪ ಮಾಡಲು ಹೋಗಿ ಕೋಳಿಮರಿಯಂತೆ ಕೀಂಯ್ ಎನ್ನುವುದು. ಕ್ಯಾಂಟೀನಿನ ಇಂಟರ್‌ಕಾಮಿನಿಂದ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಎರಡು ಸಲ ಕೆಮ್ಮಿ "ಮಾರಾ ಭಾಯ್" ಎಂದರೆ ನನ್ನ ಶಿಫ್ಟಿನ ಜೊತೆಗಾರ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ. ಕೆಲವು ದಿನ. ಆಮೇಲೆ ಅವನಿಗೆ ಅಭ್ಯಾಸವಾಯಿತು.

ಅದು ಮೇ ತಿಂಗಳು. ಮಧ್ಯಾಹ್ನ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಸಂಜೆ ನಾನು ಚಹಾ ತರಲು ಕ್ಯಾಂಟೀನಿಗೆ ಹೋಗಿದ್ದೆ. ಎರಡೂ ಕೈಯಲ್ಲಿ ಲೋಟ ಹಿಡಿದು ಕಂಟ್ರೋಲ್ ರೂಮಿನ ಬಾಗಿಲನ್ನು ಬೆನ್ನಿನಿಂದ ತಳ್ಳಿದಾಗ ಜೊತೆಗಾರ ಫೋನಿಗೆ ಹೇಳುತ್ತಿದ್ದ: "ಹಾಂ ಕಾಕಾ, ಮೊದಲು ನಿನ್ನ ಬಾಯಿ ಇಳಿಸು, ಲೋಡ್ ತಾನಾಗೇ ಇಳಿಯುತ್ತೆ." ಕುಕ್ಕಿ ಇಟ್ಟ. ನಗುತ್ತ ತಿರುಗಿದ. ನನ್ನನ್ನು ನೋಡಿದ, ನನ್ನ ಕೈಯ ಎರಡು ಲೋಟ ನೋಡಿದ.

"ನೀನು ಇಲ್ಲಿದ್ದೀಯಾ?"

"ಮತ್ತೆಲ್ಲಿರಲಿ? ಯಾರಿಗೆ ಕಾಕಾ ಅಂದಿ?"

ಅವನ ಮುಖದ ರಕ್ತವೆಲ್ಲ ಇಳಿಯಿತು. ಲೋಡ್ ಮಾತ್ರ ಇಳಿದಿರಲಿಲ್ಲ.

ಇಷ್ಟಕ್ಕೇ ಕತೆ ಮುಗಿದಿದ್ದರೆ ಅದೊಂದು ತಮಾಷೆ. ಕಾಲು ಗಂಟೆ ಪೂರ್ತಿ ನಮ್ಮ ಕೈಯಲ್ಲಿತ್ತು. ತಪ್ಪಾಗಿದ್ದು ಆ ಕ್ಷಣಕ್ಕೇ ಗೊತ್ತಾಯಿತು, ಸರಿಮಾಡಲು ಪರದೆಯ ಮೇಲೆ ಒಂದು ಆಜ್ಞೆ ಕೊಟ್ಟರೆ ಸಾಕು. ನಾನು ಕೊಟ್ಟೆ. ಆದರೆ ಅದಕ್ಕೆ ಮ್ಯಾನೇಜರರು ತಮ್ಮ ಮೊಬೈಲಿನಲ್ಲಿ ಒಪ್ಪಿಗೆ ಒತ್ತಬೇಕು. ಒತ್ತಲಿಲ್ಲ. ಅವರಿಗೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಜೊತೆಗಾರ ನಡೆದದ್ದನ್ನು ಹೇಳಿದ. ಮ್ಯಾನೇಜರರು ನಕ್ಕರು. ಅವರ ಹಿಂದಿಯನ್ನು ನನ್ನ ಕನ್ನಡಕ್ಕೆ ಇಳಿಸುತ್ತೇನೆ, ನಗುವನ್ನು ಇಳಿಸಲು ಬರುವುದಿಲ್ಲ.

"ಬೇಸಿಕಲಿ, ಒಳ್ಳೇದೇ ಆಯ್ತು. ಏನೂ ಮುಟ್ಟಬೇಡಿ. ಅಹಮದಾಬಾದಿನ ದೊಡ್ಡ ಗಿರಾಕಿಯ ಟ್ರೇನಿಂಗ್ ಓಡ್ತಾ ಇದೆ, ಬೆಳಗಾಗೋದ್ರೊಳಗೆ ಕೊಡ್ತೀನಿ ಅಂದಿದ್ದೀನಿ. ಬೇಸಿಕಲಿ, ಯಾರಾದ್ರೂ ಕೇಳಿದ್ರೆ ಹುಡುಗನ ಮಿಮಿಕ್ರಿ ಅಂದ್ಕೊಂಡ್ವಿ ಅನ್ನಿ. ಹಿಂದಿನ ಕಾಲನಿಯಲ್ಲಿ ಒಂದು ಗಂಟೆ ಕತ್ತಲಾದ್ರೆ ಯಾರೂ ಸಾಯಲ್ಲ."

"ಸರ್, ಆ ಕಾಲನಿಯಲ್ಲಿ ನನ್ನ ತಾಯಿ ಇದ್ದಾರೆ. ಇದು ನೀರು ಬರೋ ಹೊತ್ತು."

"ಬೇಸಿಕಲಿ, ನಿನ್ನ ಮದರ್‌ಗೆ ಹೇಳು, ಟೆರೇಸಿಗೆ ಹೋಗಿ ಗಾಳಿ ತಗೊಳ್ಳಲಿ."

ಫೋನ್ ಇಟ್ಟರು. ನಾನು ಜಾಲದ ಕಚೇರಿಗೆ ತಿರುಗಿ ಫೋನ್ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ಅಂಥ ಸಂಜೆ ಆ ಫೋನು ಬಿಡುವಾಗಿರುವುದು ಸಾಧ್ಯವೇ? ಅವ್ವನಿಗೆ ಹಚ್ಚಿದೆ, ಎತ್ತಲಿಲ್ಲ. ಎತ್ತುವುದಿಲ್ಲವೆಂದು ಗೊತ್ತಿತ್ತು. ಆ ಹೊತ್ತಿಗೆ ಅವಳು ಕೆಳಗೆ ಮೋಟರಿನ ಹತ್ತಿರ ಇರುತ್ತಾಳೆ.

ಇದನ್ನು ಹೇಳಲೇಬೇಕು. ನಮ್ಮ ಕಟ್ಟಡಕ್ಕೆ ನಗರಪಾಲಿಕೆಯ ನೀರು ಬರುವುದು ಸಂಜೆ ಸ್ವಲ್ಪ ಹೊತ್ತು. ನೆಲದೊಳಗಿನ ಟಾಕಿ ಬಿರುಕು ಬಿಟ್ಟಿದೆ. ಅದನ್ನು ರಿಪೇರಿ ಮಾಡಿಸುವ ಬಗ್ಗೆ ಕಮಿಟಿ ನಾನು ಶಾಲೆಯಲ್ಲಿದ್ದಾಗಿನಿಂದ ಚರ್ಚಿಸುತ್ತಿದೆ. ಹಾಗಾಗಿ ನೀರು ಬಂದ ಹಾಗೆಲ್ಲ ಮೋಟರ್ ಹಚ್ಚಿ ಮೇಲಿನ ಟಾಕಿಗೆ ಏರಿಸಬೇಕು, ತಡಮಾಡಿದರೆ ಗಟಾರಕ್ಕೆ. ಈ ಕೆಲಸಕ್ಕೆ ಆಗಾಗ ಇಟ್ಟ ವಾಚ್‌ಮನ್‌ಗಳೆಲ್ಲ ನಿದ್ದೆಹೋದ ಮೇಲೆ, ಮೋಟರ್ ಕೋಣೆಯ ಕೀಲಿ ಅವ್ವನ ಸೊಂಟಕ್ಕೆ ಬಂತು. ಗುಜರಾತಿ ಇಂದಿಗೂ ಸರಿಯಾಗಿ ಬಾರದ ಅವ್ವ ಕಟ್ಟಡಕ್ಕೆಲ್ಲ 'ಪಾಣೀವಾಳಾ ಆಂಟಿ'. ಅದು ಅವಳ ಸಾಮ್ರಾಜ್ಯ. ನೀರು ಬಂತೆಂದರೆ ಮೆಟ್ಟಿಲ ಕೆಳಗೆ ನಿಂತು ಮೂರು ಭಾಷೆ ಕಲಸಿ ಕೂಗುತ್ತಾಳೆ: "ಏ ಬೆನ್, ನಳ ಬಂದ್ ಕರೋ, ಮೋಟರ್ ಚಾಲೂ ಮಾಡಾಕತ್ತೀನಿ!"

ಆ ಸಂಜೆ ನೀರು ಬಂತು, ಮೋಟರ್ ಚಾಲೂ ಆಯಿತು, ಕರೆಂಟು ಹೋಯಿತು. ಬಿರುಕು ಟಾಕಿಯಿಂದ ನೀರು ಹರಿದುಹೋಗುವುದನ್ನು ನೋಡುತ್ತ ನಿಲ್ಲುವ ಹೆಂಗಸಲ್ಲ ಅವಳು. ಮೂರನೇ ಮಹಡಿಯಲ್ಲಿ ಹೊಸ ಬಾಣಂತಿ ಇದ್ದಳು. ಅವ್ವ ಕೊಡ ತುಂಬಿಕೊಂಡು ಕತ್ತಲ ಮೆಟ್ಟಿಲು ಹತ್ತಿದಳು. ಒಂದು ಕೊಡ ಮುಟ್ಟಿಸಿದಳು. ಎರಡನೇ ಕೊಡದ ಜೊತೆ ಉರುಳಿದಳು. ಬಲಗೈ ಮಣಿಕಟ್ಟು ಮುರಿಯಿತು.

ಅತ್ತ ನಮ್ಮ ಸರ್ವರ್‌ಗಳು ಕನ್ನಡಿಯಂಥ ನೆಲದ ಮೇಲೆ ತಂಪಾಗಿ ಕೂತು ಯಾವುದೋ ಯಂತ್ರಕ್ಕೆ ವಿನಯವಾಗಿ 'ಕ್ಷಮಿಸಿ' ಎನ್ನುವುದನ್ನು ಕಲಿಸುತ್ತಿದ್ದವು.

ಆಸ್ಪತ್ರೆಯಿಂದ ಪ್ಲಾಸ್ಟರ್ ಹಾಕಿಸಿಕೊಂಡು ಬರುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲು ಮೆಟ್ಟಿಲು ಹತ್ತಿತ್ತು. ಕಾರ್ಯದರ್ಶಿಯ ಅಳಿಯ ನಮ್ಮ ಕಂಪನಿಯ ಸೆಕ್ಯುರಿಟಿಯಲ್ಲಿದ್ದಾನೆ. "ಆಂಟಿ, ನಿಮ್ಮ ಹುಡುಗ ಫೋನಿನಲ್ಲಿ ಮಸ್ತಿ ಮಾಡಿದನಂತೆ, ಅದಕ್ಕೇ ಕಾಲನಿಯ ಲೈಟ್ ಹೋಯಿತಂತೆ" ಎಂದು ಕಾರ್ಯದರ್ಶಿ ಮೂಗಿನಲ್ಲಿ ಸಾಂತ್ವನ ಹೇಳಿ, ಹಣ್ಣಿನ ಚೀಲ ಇಟ್ಟು ಹೋದರು.

ಅವ್ವ ಬಾಗಿಲು ಹಾಕಿಸಿದಳು. "ಖರೇ ಹೇಳು. ನಿನ್ನ ಆಟದಿಂದ ಆತೇನು?"

"ಇಲ್ಲಬೇ. ನಾನು ಫೋನ್ ಮಾಡೇ ಇಲ್ಲ. ಚಹಾ ತರಾಕ ಹೋಗಿದ್ದೆ."

"ಮತ್ತ ಎಲ್ಲಾರೂ ಯಾಕ ಹಂಗ ಅಂತಾರ?"

ಮ್ಯಾನೇಜರರ ವಿಷಯ ಹೇಳಿದೆ. ಕೇಳಿದಳು. ನನ್ನ ಮುಖವನ್ನೇ ನೋಡುತ್ತಿದ್ದಳು, ಯಾವ ದನಿ ನನ್ನದು ಎಂದು ಹುಡುಕುವವಳ ಹಾಗೆ. ನನ್ನದೇನು ಕಮ್ಮಿ ಇತಿಹಾಸವಲ್ಲ. ಶಾಲೆಯ ಹೆಡ್‌ಮಾಸ್ತರರ ದನಿಯಲ್ಲಿ ಫೋನ್ ಮಾಡಿ ನನಗೆ ನಾನೇ ರಜೆ ಕೊಡಿಸಿಕೊಂಡವನು ನಾನು. "ಆತು ಬಿಡು" ಎಂದಳು. ಅಷ್ಟೇ. ಬೈಯಲಿಲ್ಲ.

ಅವ್ವ ಬೈಯಲಿಲ್ಲ ಎಂದರೆ ನಿಮಗೆ ಅರ್ಥವಾಗಲಿಕ್ಕಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೆ ಹಾಲಿಗೆ ಬೈಯುವವಳು. ಆವತ್ತಿನಿಂದ "ಊಟ ಮಾಡು", "ಬಾಗಿಲಾ ಹಾಕು" ಇಷ್ಟೇ. ಮನೆಯಲ್ಲಿ ಯಾರೋ ಸತ್ತಂತಿತ್ತು. ಸೂರತ್‌ನಿಂದ ಅಪ್ಪ ಫೋನಿನಲ್ಲಿ, "ಹೌದ್ರೀ, ನನ್ನ ಚಾಷ್ಟಿ ಅಂತ ಒಪ್ಕೊಂಡು ನೌಕರಿ ಉಳಿಸ್ಕೊಳಲೇ, ದೊಡ್ಡವರ ಜೋಡಿ ಏನ್ ಜಗಳ" ಎಂದರು. ನನಗೆ ನೌಕರಿಯದಲ್ಲ ಚಿಂತೆ. ಒಮ್ಮೆ ಒಪ್ಪಿಕೊಂಡರೆ ಅವ್ವನ ಕೈ ಮುರಿದವನು ನಾನೇ ಎಂದು ಅವಳ ತಲೆಯಲ್ಲಿ ಶಾಶ್ವತವಾಗಿ ಕೂತುಬಿಡುತ್ತದೆ. ಅವಳ ಕೈ ಕೂಡೀತು, ಇದು ಕೂಡುವಂಥದ್ದಲ್ಲ.

ಜಾಲದವರು ವಿವರಣೆ ಕೇಳಿದರು. ಅಹಮದಾಬಾದಿನ ನಮ್ಮ ಮುಖ್ಯ ಕಚೇರಿಯಲ್ಲಿ ಸಭೆ. ಮ್ಯಾನೇಜರರು ತಮ್ಮ ಕಾರಿನಲ್ಲೇ ನನ್ನನ್ನೂ ಜೊತೆಗಾರನನ್ನೂ ಕೂರಿಸಿಕೊಂಡು ಹೋದರು. ದಾರಿಯುದ್ದಕ್ಕೂ ಪಾಠ: "ಬೇಸಿಕಲಿ, ನೀನು ಸಾರಿ ಅನ್ನು. ನಾವು ವಾರ್ನಿಂಗ್ ಕೊಟ್ಟಿದ್ದೀವಿ ಅಂತೀವಿ. ಬೇಸಿಕಲಿ, ಯಾರಿಗೂ ಏನೂ ಆಗಲ್ಲ." ಹೈವೇ ಹೋಟೆಲಿನಲ್ಲಿ ನನಗೆ ಖಮನ್ ಕೊಡಿಸಿದರು. ತಿಂದೆ. ಸಿಟ್ಟು ಬಂದಾಗ ನನಗೆ ಹಸಿವು ಜಾಸ್ತಿ.

ಸಭೆಯ ಕೋಣೆಯಲ್ಲಿ ಎಷ್ಟು ಎಸಿ ಎಂದರೆ ಮೇ ತಿಂಗಳಲ್ಲಿ ಕೋಟು ಹಾಕಿಕೊಂಡವರಿದ್ದರು. ಕರೆಂಟು ಉಳಿಸುವ ಬಗ್ಗೆ ಸಭೆ ಎಂದ ಮೇಲೆ ಅಷ್ಟಾದರೂ ಬೇಡವೇ? ಮೇಜಿನ ಆ ತುದಿಯಲ್ಲಿ ಸೂರತ್ ಕಡೆಯ ಆ ಅಧಿಕಾರಿ. ದನಿಯಿಂದ ನಾನು ಊಹಿಸಿದ್ದು ದೊಡ್ಡ ಹೊಟ್ಟೆಯ ಮನುಷ್ಯನನ್ನು; ನೋಡಿದರೆ ಕಡ್ಡಿಯಂಥವರು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಗುರುತು. ಮ್ಯಾನೇಜರರು ಬಲು ದುಃಖದಿಂದ, "ನಮ್ಮ ಹುಡುಗನಿಗೆ ಮಿಮಿಕ್ರಿಯ ಚಟ. ನಮ್ಮವರು ನಿಮ್ಮ ಫೋನನ್ನು ಅವನ ಫೋನೆಂದು ತಿಳಿದರು. ಬೇಸಿಕಲಿ, ಹ್ಯೂಮನ್ ಎರರ್" ಎಂದರು.

ಅಧಿಕಾರಿ ನನ್ನ ಕಡೆ ತಿರುಗಿದರು. "ನನ್ನ ದನಿ ಮಾಡ್ತೀಯಂತೆ. ಮಾಡು, ಕೇಳೋಣ."

"ಸಾಹೇಬರೇ, ಬೇಡ."

"ಕಾಲನಿಯ ಲೈನ್ ತೆಗೆದ ಕೈ ನಂದು, ಮಾರಾ ಭಾಯ್. ಜನರ ಬೈಗುಳವೆಲ್ಲ ನನಗೇ ಬಂದಿದೆ. ಯಾವ ದನಿಗೋಸ್ಕರ ಬೈಸಿಕೊಂಡೆ ಅಂತಾದರೂ ಗೊತ್ತಾಗಲಿ."

ಎರಡು ಸಲ ಕೆಮ್ಮಿದೆ. "ಅರೇ ಮಾರಾ ಭಾಯ್, ಲೋಡ್ ಉತಾರೋ!" ಕೋಟಿನವರು ನಕ್ಕುಬಿಟ್ಟರು. ಅಧಿಕಾರಿಯೂ ತಡೆಯಲಾರದೆ ನಕ್ಕು, "ಇಷ್ಟು ಕೆಮ್ಮುತ್ತೀನಾ ನಾನು?" ಎಂದು ನಿಜವಾಗಿಯೂ ಕೆಮ್ಮಿದರು.

ನಗು ಅಡಗುವ ಮೊದಲೇ ನಾನೆಂದೆ: "ಆ ಸಂಜೆ ಫೋನಿನಲ್ಲಿ ಇನ್ನೊಂದು ದನಿ ಕೇಳಿದ್ದೆ. ನಿಮ್ಮ ಕರೆ ಬಂದು ಒಂದು ನಿಮಿಷವೂ ಆಗಿರಲಿಲ್ಲ, ಅದು ನೀವೇ ಅಂತ ನಮಗಾಗಲೇ ಗೊತ್ತಾಗಿತ್ತು. ಆ ದನಿಯನ್ನೂ ಮಾಡಲೇ?" ಯಾರೂ ಹೂಂ ಎನ್ನುವ ಮೊದಲೇ ಶುರುಮಾಡಿದೆ. "ಬೇಸಿಕಲಿ, ಒಳ್ಳೇದೇ ಆಯ್ತು. ಏನೂ ಮುಟ್ಟಬೇಡಿ..." ಗಿರಾಕಿಯ ಟ್ರೇನಿಂಗು, ಹುಡುಗನ ಮಿಮಿಕ್ರಿ, ಒಂದು ಗಂಟೆ ಕತ್ತಲು, ಟೆರೇಸಿನ ಗಾಳಿ, ಒಂದೂ ಬಿಡಲಿಲ್ಲ. ನಡುವಿನ ನಗುವನ್ನೂ ಬಿಡಲಿಲ್ಲ.

ಮ್ಯಾನೇಜರರು ಬಾಯಿ ತೆರೆದು, "ಬೇಸಿಕಲಿ..." ಎಂದು ಅಲ್ಲೇ ನಿಂತರು. ನಾನು ಹಾಕಿಕೊಂಡ ವೇಷವನ್ನೇ ಅವರೂ ಹಾಕಿಕೊಂಡು ನಿಂತ ಹಾಗಿತ್ತು.

ಅಧಿಕಾರಿ ನನ್ನ ಜೊತೆಗಾರನನ್ನು ಕೇಳಿದರು: "ಇದು ಇವನ ಕಲೆಯೋ, ನಡೆದದ್ದೋ?" ಅವನಿಗೆ ಎರಡು ಸಣ್ಣ ಮಕ್ಕಳು, ಹೊಸ ಮನೆಯ ಕಂತು. ಮೇಜು ನೋಡುತ್ತ ಕೂತಿದ್ದ. "ಶಬ್ದಕ್ಕೆ ಶಬ್ದ, ಸಾಹೇಬರೇ" ಎಂದ. ಅವನು ಆಮೇಲೆ ನನ್ನನ್ನು ಎಷ್ಟು ಸಲ ಕಾಕಾ ಎಂದು ಕರೆದರೂ ನಾನು ಓಗೊಡುತ್ತೇನೆ.

ಆಮೇಲೇನಾಯಿತು ಎನ್ನುವವರಿಗೆ ಹೇಳಿಬಿಡುತ್ತೇನೆ, ಕೇಳಿ ನಿಮಗೂ ಮೈ ಉರಿಯಲಿ. ರಿಯಾಯಿತಿ ಕೆಲವು ತಿಂಗಳು ನಿಂತಿತು. ಈಗ ಫೋನೂ ಇಲ್ಲ, ಕೆಮ್ಮೂ ಇಲ್ಲ: ಜಾಲದಿಂದ ಸಂಕೇತ ನೇರವಾಗಿ ನಮ್ಮ ಯಂತ್ರಕ್ಕೆ ಬರುತ್ತದೆ, ಯಂತ್ರ ಯಾರ ಮೊಬೈಲಿನ ಒಪ್ಪಿಗೆಗೂ ಕಾಯದೆ ಕೆಲಸ ಮುಂದೂಡುತ್ತದೆ. ಮೊದಲ ಸಲ ಹಾಗೆ ಇಳಿದ ಸಂಜೆ ನಾನು ಪರದೆಯ ಮುಂದೆ ಕಾದು ಕೂತಿದ್ದೆ, ಯಾವ ಗಿರಾಕಿ ಬೊಬ್ಬೆ ಹೊಡೆಯುತ್ತಾನೆಂದು. ಒಬ್ಬನೂ ಕೇಳಲಿಲ್ಲ. ಯಾರದೋ ವೀಡಿಯೊ ಎರಡು ತಾಸು ತಡವಾಗಿ ಸಣ್ಣದಾಯಿತು, ಅಷ್ಟೇ. ಇಷ್ಟು ಸಲೀಸಿತ್ತು! ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಇದಕ್ಕೇ. ಕಷ್ಟದ ಕೆಲಸವೆಂದು ಮಾಡದಿದ್ದರೆ ಕ್ಷಮಿಸಬಹುದಿತ್ತು. ಮ್ಯಾನೇಜರರನ್ನು ಸೂರತ್ ಶಾಖೆಗೆ ಕಳಿಸಿದರು, ಇನ್ನೂ ದೊಡ್ಡ ಕುರ್ಚಿ ಕೊಟ್ಟು. ನನ್ನನ್ನು ಬ್ಯಾಟರಿ ಕೋಣೆಗೆ ಹಾಕಿದರು. ಅಲ್ಲಿ ಮಾತಾಡಲು ಯಾರೂ ಇಲ್ಲ, ಬ್ಯಾಟರಿಗಳ ದನಿಯನ್ನು ಇನ್ನೂ ಅಭ್ಯಾಸ ಮಾಡುತ್ತಿದ್ದೇನೆ. ರಿಯಾಯಿತಿ ಮರಳಿದ ತಿಂಗಳಲ್ಲೇ ಆಲ್ಕಾಪುರಿಯಲ್ಲಿ ಆ ಹೆಗಲಿನ ಫಲಕ ಎದ್ದಿತು.

ಆದರೆ ಸಭೆಯ ದಿನ ನಾನು ಮನೆಗೆ ಬಂದಾಗ ಇದ್ಯಾವುದೂ ಗೊತ್ತಿರಲಿಲ್ಲ. ಮ್ಯಾನೇಜರರ ಕಾರಿನಲ್ಲಿ ಜಾಗವಿರಲಿಲ್ಲವಾದ್ದರಿಂದ ಬಸ್ಸಿನಲ್ಲಿ ಬಂದೆ. ಅವ್ವ ಕುರ್ಚಿಯ ಮೇಲೆ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. "ಊಟ ಮಾಡು" ಎಂದಳು.

"ಮೊದಲು ಇಲ್ಲಿ ಕೇಳು." ಅಂಗಳವಿಲ್ಲದ ನಮ್ಮ ಮನೆಯ ಪಡಸಾಲೆಯ ನಡುವೆ ನಿಂತು, ಅಹಮದಾಬಾದಿನಲ್ಲಿ ಮಾಡಿದ್ದನ್ನೇ ಮಾಡಿದೆ. ಈ ಸಲ ಅವಳಿಗೆ ತಿಳಿಯುವ ಹಾಗೆ ಕನ್ನಡದಲ್ಲಿ. ಬೇಸಿಕಲಿ ಒಂದು ಉಳಿಸಿಕೊಂಡೆ. 'ನಿನ್ನ ಮದರ್‌ಗೆ ಹೇಳು, ಟೆರೇಸಿಗೆ ಹೋಗಿ ಗಾಳಿ ತಗೊಳ್ಳಲಿ' ಎಂಬಲ್ಲಿಗೆ ಬಂದಾಗ ಅವಳ ಎಡಗೈ ಕುರ್ಚಿಯ ತೋಳನ್ನು ಹಿಡಿಯಿತು.

"ಹಂಗಂದನಾ?"

"ಹಂಗ ಅಂದ. ನಕ್ಕೋತ ಅಂದ. ಇವತ್ತು ಎಲ್ಲಾರ ಮುಂದ ಮಾಡಿ ತೋರ್ಸಿ ಬಂದೀನಿ. ನನ್ನ ಜೋಡಿದಾಂವನೂ ಖರೇ ಐತಿ ಅಂದ."

ಅವ್ವ ಎದ್ದು ನಿಂತಳು. "ನೀ ಸರೀತ್ನಾಗ ನಿಂದರು. ಅಂವ ಹೆಂಗ ನಿಂದರ್ತಾನ ಹಂಗ ನಿಂದರು."

ಹೊಟ್ಟೆ ಮುಂದೆ ಮಾಡಿ, ಜೇಬಿನಲ್ಲಿ ಕೈಯಿಟ್ಟು ನಿಂತೆ.

"ಏ ಮೂಳ! ನಿನ್ನ ಮಷೀನಿಗೆ ಬಿಸಿ ಆಗಬಾರದು, ಬಾಣಂತಿ ಸೆಕಿಗೆ ಸಾಯಬೇಕೇನಲೇ? ನಿಮ್ಮವ್ವಗ ಹೇಳು ಟೆರೇಸಿಗೆ ಹೋಗು ಅಂತ! ಕೊಡ ಹೊತ್ಕೊಂಡು ಹೋಗು ಅಂತ!"

"ಬೇಸಿಕಲಿ, ಮೇಡಂ, ನೀವು ಸ್ವಲ್ಪ ಅರ್ಥ ಮಾಡ್ಕೋಬೇಕು..."

"ನಿನ್ನ ಬೇಸಿಕಲಿಗೆ ಬೆಂಕಿ ಹತ್ತಲಿ! ಒಂದು ಗುಂಡಿ ಒತ್ತಾಕ ಕೈಯಾಗ ಕಸುವಿರಲಿಲ್ಲೇನು ನಿನಗ? ನನ್ನ ಕೈ ಮುರದು ನಿನ್ನ ಕೈ ಯಾಕ ಸುಖಾ ಇರಬೇಕು? ಮುಖಾ ನೋಡು, ಹುಳಿ ಬಂದ ಹಿಟ್ಟಿನಂಗ!"

ಬೈದಳು. ಎಷ್ಟು ಬೈದಳೆಂದರೆ ಕೆಳಗಿನ ಮನೆಯವರು ಬಾಗಿಲು ತೆರೆದು ಮೇಲೆ ನೋಡಿದರು. ನಡುವೆ ಒಂದೆರಡು ಬೈಗುಳ ನನಗೂ ಬಿದ್ದವು: ಮಧ್ಯಾಹ್ನದ ಊಟದ ಹೊತ್ತು ಮೀರಿದ್ದಕ್ಕೆ, ಬೂಟು ಹಾಕಿಕೊಂಡೇ ಒಳಗೆ ಬಂದಿದ್ದಕ್ಕೆ. ಅವು ನನಗೆಂದು ದನಿಯಲ್ಲೇ ತಿಳಿಯಿತು, ಅವು ಸ್ವಲ್ಪ ಮೆತ್ತಗಿದ್ದವು. ನಾನು ಹೊಟ್ಟೆ ಮುಂದೆ ಮಾಡಿಕೊಂಡೇ ನಿಂತಿದ್ದೆ. ಕಣ್ಣು ಒರೆಸಿಕೊಂಡರೆ ಪಾತ್ರ ಕೆಡುತ್ತದೆ ಎಂದು ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು: "ಆಂಟಿ, ಪಾಣೀ ಆವ್ಯೂ!"

ಅವ್ವ ಮಾತು ಅರ್ಧಕ್ಕೆ ನಿಲ್ಲಿಸಿ ಮೇಲೆ ನೋಡಿದಳು. ಫ್ಯಾನು ತಿರುಗುತ್ತಿತ್ತು. ಎಡಗೈಯಿಂದ ಸೊಂಟದ ಕೀಲಿ ಬಿಡಿಸಿ ನನ್ನತ್ತ ಎಸೆದಳು.

"ಹೋಗು, ಮೋಟರ್ ಹಚ್ಚು. ಅಂವನಾಗಿ ಹೋಗಬ್ಯಾಡ ಮತ್ತ, ಮಂದಿ ಹೊಡದಾರು. ನೀನಾಗಿ ಹೋಗು."